ಮೊದಲ ಕುಳಿಗೆ ಯಾವ ಕಾಲು

ಅಣ್ಣನ ಮೇಲಿನ ಸಿಟ್ಟಿಗೇ ನಾನು ಆ ಬಂಡೆ ಹತ್ತಿದ್ದು. ಭಕ್ತಿಗಿಕ್ತಿ ಏನೂ ಇರಲಿಲ್ಲ.

ಪಿರಿಯಾಪಟ್ಟಣದ ಕಡೆ ನಮ್ಮೂರ ಪಕ್ಕ ಒಂದು ಬೋಳುಬಂಡೆ. ಅದರ ನೆತ್ತಿಯಲ್ಲಿ ಕಾರ್ತಿಕದ ದೀಪ ಹಚ್ಚುವುದು ನಮ್ಮ ಮನೆಯ ಪಾಲಿನ ಕೆಲಸ. ಕಾಲಿಡಲು ಹಿರಿಯರು ಉಳಿಯಿಂದ ಕುಳಿ ತೋಡಿದ್ದರು, ಒಂದರಲ್ಲಿ ಒಂದೇ ಪಾದ ಹಿಡಿಸುವಷ್ಟು. ಅಪ್ಪ ಹತ್ತುವಾಗ ಬುಡದಲ್ಲಿ ಅವರ ಚಪ್ಪಲಿ ಕಾಯುತ್ತಿದ್ದವಳು ನಾನು. ಕತ್ತೆತ್ತಿ ಅವರ ತಲೆಯ ಟವಲ್ ನೋಡುತ್ತಿದ್ದೆನೇ ಹೊರತು ಪಾದ ನೋಡಿರಲಿಲ್ಲ.

ಅಪ್ಪ ಹೋದ ಮೇಲೆ ಎರಡು ವರ್ಷ ದೀಪವಿಲ್ಲ. ಮೂರನೆಯ ವರ್ಷ ನಾನು ಪಿಯುಸಿಯಲ್ಲಿದ್ದೆ. ತೊಂಬತ್ತರ ದಶಕದ ಕೊನೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಒಲೆ ಮುಂದೆ ಕೂತಿದ್ದ ಅಣ್ಣನನ್ನು, ಈ ಸಲ ಬಂಡೆ ಹತ್ತಿ ದೀಪ ಹಚ್ಚುತ್ತೀಯಾ ಎಂದು ಕೇಳಿದೆ.

"ಬ್ಯಾರನ್‌ನಾಗೆ ಹೊಗೆಸೊಪ್ಪು ಬೇಯ್ತಾ ಅದೆ. ಬೆಂಕಿ ನೋಡೋರ್ಯಾರು?"

"ಹಂಗಾದ್ರೆ ನಾನೇ ಹತ್ತೀನಿ."

"ಎಣ್ಣೈಕ್ಳು ಅತ್ತೋ ಬಂಡೆ ಅಲ್ಲ ಕಣಮ್ಮಿ ಅದು."

ಮೈಯೆಲ್ಲ ಉರಿಯಿತು. ಮಾರನೆಯ ಬೆಳಿಗ್ಗೆ ಎಣ್ಣೆ ಸೀಸೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟೆ. ಹಲ್ಲುಜ್ಜುತ್ತಿದ್ದ ಅಣ್ಣ ನೋಡಿದ. "ಓಗು, ಮಂಡಿ ತರಚ್ಕಂಡು ಬಾ" ಎಂದು ನಕ್ಕ.

ಬುಡದಲ್ಲಿ ಚಪ್ಪಲಿ ಬಿಟ್ಟು, ಹೊಸಿಲು ದಾಟುವವಳಂತೆ ಬಲಗಾಲನ್ನೇ ಮೊದಲ ಕುಳಿಗಿಟ್ಟೆ. ಹುಟ್ಟಿದಾಗಿನಿಂದ ತಲೆಗೆ ತುಂಬಿದ್ದು ಅದನ್ನೇ ತಾನೇ! ಕೆಳಗೆ ಕುಳಿಗಳೆಲ್ಲ ಒಂದೇ ಸಾಲಿನಲ್ಲಿದ್ದವು, ತೊಂದರೆಯಾಗಲಿಲ್ಲ. ಬಂಡೆ ಗೋಡೆಯ ಹಾಗೆ ನಿಂತಲ್ಲಿ ಅವು ಎಡಕ್ಕೊಂದು ಬಲಕ್ಕೊಂದು ಚದುರಿದವು. ನನ್ನ ಎಡಗಾಲು ಕುಳಿಯಲ್ಲಿತ್ತು, ಮುಂದಿನ ಕುಳಿಯೂ ಎಡಕ್ಕೇ ಇತ್ತು. ಬಲಗಾಲಿಗೆ ಜಾಗವೇ ಇಲ್ಲ. ಕೆಳಗಿನ ಕುಳಿ ಕಾಣುತ್ತಿಲ್ಲ. ಬಗ್ಗಿ ನೋಡಿದರೆ ಬುಡದ ಚಪ್ಪಲಿ ಕಂಡವು, ಎರಡು ಹುಣಸೆಬೀಜದಷ್ಟು.

ಕಲ್ಲಿಗೆ ಅಂಟಿಕೊಂಡು ನಿಂತೆ. ಸಾಯುತ್ತೇನೆ ಅನ್ನಿಸಿತು. ಸತ್ತರೆ ಅಣ್ಣ "ನಾನು ಯೋಳ್ಲಿಲ್ವಾ" ಅಂತಾನಲ್ಲ ಎಂದು ನೆನೆದಾಗ ಹೆದರಿಕೆಗಿಂತ ರೋಷ ಜಾಸ್ತಿಯಾಯಿತು. ಬಾಯಿಗೆ ಬಂದ ಹಾಗೆ ಅವನನ್ನು ಬಯ್ದೆ, ಬಂಡೆಯನ್ನೂ ಬಯ್ದೆ. ಬಯ್ಯುತ್ತಲೇ ಎಡಪಾದವನ್ನು ಕೂದಲೆಳೆಯಷ್ಟು ಸರಿಸಿ, ಪಕ್ಕದಲ್ಲಿ ಬಲಗಾಲ ಹೆಬ್ಬೆರಳು ತುರುಕಿ, ಮೊಳಕಾಲನ್ನು ಕಲ್ಲಿಗೆ ಉಜ್ಜಿಕೊಂಡು ಕಾಲು ಬದಲಿಸಿದೆ. ಆಮೇಲೆ ಕುಳಿಗಳು ತಾವಾಗಿಯೇ ಸಿಕ್ಕವು. ನೆತ್ತಿಯಲ್ಲಿ ಹಗಲಲ್ಲೇ ದೀಪ ಹಚ್ಚಿದೆ. ಊರಿಗೆ ಅದು ಕಂಡಿರಲಾರದು.

ಸಂಜೆ ಅಣ್ಣ ನನ್ನ ಮೊಳಕಾಲಿನ ರಕ್ತ ನೋಡಿದ.

"ಮೊದ್ಲು ಯಾವ ಕಾಲಿಟ್ಟೆ?"

"ಬಲಗಾಲು."

"ಅದ್ಕೇ ಮತ್ತೆ. ಎಡಗಾಲಿಡ್ಬೇಕು. ಅಪ್ಪ ನಂಗೆ ಯೋಳ್ಕೊಟ್ಟಿದ್ರು."

"ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲ."

ಎದುರಿಗಿದ್ದ ಚೊಂಬನ್ನು ಅವನ ಕಡೆಗೆ ಎಸೆದೆ. ತಾಗಲಿಲ್ಲ. ಒಂದು ದಿನವೂ ಬಂಡೆಗೆ ಕಾಲಿಡದವನಿಗೆ ಅಪ್ಪ ಹೇಳಿಕೊಟ್ಟಿದ್ದರು. ಪ್ರತಿ ವರ್ಷ ಚಪ್ಪಲಿ ಕಾದವಳಿಗೆ ಹೇಳಿರಲಿಲ್ಲ. ಅಣ್ಣನ ಮೇಲಿನ ಸಿಟ್ಟು ಒಂದೆರಡು ವರ್ಷದಲ್ಲಿ ಇಳಿಯಿತು. ಅಪ್ಪನ ಮೇಲಿನದು ಇನ್ನೂ ಇಳಿದಿಲ್ಲ.