ಸಿಸಿಲಿಗೆ ಹೊರಟವನು ನಮ್ಮ ತಾರಸಿಯಲ್ಲಿ

ಎಪ್ಪತ್ತರ ದಶಕದಲ್ಲಿ ನಮ್ಮ ರಾಜಾಜಿನಗರದ ಕಾರ್ಖಾನೆಗೆ ಮೆಷಿನ್ ಕೂರಿಸೋಕೆ ಜರ್ಮನ್ ಇಂಜಿನಿಯರ್ ಒಬ್ಬ ಬಂದಿದ್ದ. ಕೆಲಸ ಮುಗಿದರೆ ಸಿಸಿಲಿ ದ್ವೀಪಕ್ಕೆ ರಜೆಗೆ ಹೋಗ್ತೀನಿ ಅಂತ ದಿನಾ ಅದೇ ಜಪ. ಭಾನುವಾರ ಊಟಕ್ಕೆ ಕರೆದರೆ ದ್ವೀಪದ ಚಿತ್ರಗಳನ್ನೂ ತಂದ.

ಅಮ್ಮ ತಾರಸಿಯಲ್ಲಿ ಸಂಡಿಗೆ ಕಾಯ್ತಾ ಕೂತಿದ್ದರು. ಚಿತ್ರ ನೋಡಿ, "ಇವರೆಲ್ಲ ಯಾಕೋ ಮರಳಲ್ಲಿ ಬಿದ್ಕೊಂಡಿದಾರೆ?" ಅಂತ ನನ್ನನ್ನ ಕೇಳಿದರು.

"ಬಿಸಿಲು ಕಾಯಿಸೋಕಮ್ಮ. ಇವನೂ ಅದಕ್ಕೇ ಹೋಗ್ತಿರೋದು."

ಅಮ್ಮ ಕಾಗೆ ಓಡಿಸೋ ಕೋಲನ್ನು ಅವನ ಕೈಗಿಟ್ಟು ಅಡುಗೆಮನೆಗೆ ಇಳಿದೇಬಿಟ್ಟರು. ಊಟಕ್ಕೆ ಬಂದವನಿಗೆ ಕೆಲಸ ಹಚ್ಚಿದರಲ್ಲ ಅಂತ ನನಗೆ ನಾಚಿಕೆ. ಅವನೋ ಅಂಗಿ ಬಿಚ್ಚಿ, ಸಂಜೆವರೆಗೂ ಖುಷಿಯಾಗಿ ಕಾವಲು ಕೂತ.

ಅವನು ಹೊರಟಾಗ ಅಮ್ಮ ಮತ್ತೊಮ್ಮೆ ಚಿತ್ರ ನೋಡಿದರು.

"ಅಷ್ಟು ಜಾಗ, ಅಷ್ಟು ಬಿಸಿಲು! ಒಬ್ಬರಾದರೂ ಹಪ್ಪಳ ಹಾಕಿದಾರೇನೋ ನೋಡು."