ಸದ್ದು ಮಾಡುವ ಗೂಬೆ

ಕಿವಿ ಅಂದರೆ ನಮ್ಮ ದೊಡ್ಡಪ್ಪನ ಕಿವಿ. ಮೀನು ಸಾಕುವ ಕೊಳಗಳ ಕಾವಲು ಕಾದು ಕಾದು, ನೀರಿಗೆ ಹಾರಿದ್ದು ಕಪ್ಪೆಯೋ, ಹೊರಳಿದ್ದು ಮೀನೋ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಆ ಕಿವಿಯೇ ನಮ್ಮ ಮನೆ ಮುರಿಯಿತು.

ದೊಡ್ಡ ಕೊಳದಲ್ಲಿ ಬಲಿತ ಮರಿಗಳು ಕಡಿಮೆಯಾಗುತ್ತಿದ್ದವು. ಸಂಜೆಗತ್ತಲಲ್ಲಿ ಒದ್ದೆ ಬಟ್ಟೆ ಕೊಡವಿದಂಥ ಸದ್ದು, ಆಮೇಲೆ ನೀರು ಚಿಮ್ಮುವುದು. ಹಕ್ಕಿಯಿರಬಹುದೇ ಎಂದು ಮಾಲೀಕ ಕೇಳಿದ. ಕೊಕ್ಕರೆ ಆಗ ಬರುವುದಿಲ್ಲ, ಗೂಬೆ ಹಾರಿದರೆ ಸದ್ದೇ ಇರುವುದಿಲ್ಲ, ಇದು ಬಲೆ ಬೀಸುವ ಸದ್ದು, ಮನುಷ್ಯನದೇ ಕೆಲಸ ಎಂದು ದೊಡ್ಡಪ್ಪ ಎದೆ ತಟ್ಟಿ ಹೇಳಿಬಿಟ್ಟರು. ಆ ಹೊತ್ತಿನಲ್ಲಿ ಅಲ್ಲಿ ಕೆಲಸಕ್ಕಿರುತ್ತಿದ್ದ ಇನ್ನೊಬ್ಬ ಮನುಷ್ಯ ಎಂದರೆ ಅವರ ಒಡಹುಟ್ಟಿದ ತಮ್ಮ, ನನ್ನ ಅಪ್ಪ.

ಕದ್ದಿಲ್ಲ ಎಂದು ಅಪ್ಪ ಒಂದೇ ಸಲ ಹೇಳಿದ. ಅವನ ಜಾಯಮಾನವೇ ಅದು. ಕೆಲಸ ಹೋಯಿತು. ಆಮೇಲೂ ಮೀನು ಕಾಣೆಯಾದಾಗ, ಬೇಲಿ ಹಾರಿ ಬರುತ್ತಾನೆ ಎಂದು ಊರವರು ಆಡಿಕೊಂಡರು. ಅಮ್ಮ ನಲ್ಲಿಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು?

ಕೊನೆಗೊಂದು ಸಂಜೆ ದೊಡ್ಡಪ್ಪ ಕಣ್ಣಾರೆ ಕಂಡರು. ನೀರಿನಂಚಿನ ಒಣಕೊಂಬೆಯಿಂದ ಮೀನುಗೂಬೆ ಇಳಿಯಿತು. ಬೇರೆ ಗೂಬೆಗಳ ರೆಕ್ಕೆಯಂಚಿನಲ್ಲಿ ಸದ್ದು ನುಂಗುವ ನವಿರಾದ ಕುಚ್ಚಿರುತ್ತದೆ. ನೀರೊಳಗಿನ ಮೀನಿಗೆ ಮೇಲಿನ ಸದ್ದು ತಟ್ಟದು. ಹಾಗಾಗಿ ಇದಕ್ಕೆ ಆ ಕುಚ್ಚಿನ ಗೊಡವೆಯೇ ಇಲ್ಲ, ಪಟಪಟ ಬಡಿಯುತ್ತಲೇ ಹಾರುತ್ತದೆ. ಗರಿಯಿಲ್ಲದ ಬೋಳು ಕಾಲು, ಅಂಗಾಲಿನಲ್ಲಿ ಅರದಂಥ ಮುಳ್ಳು. ಹಿಡಿದ ಮೀನು ಜಾರಲಿಲ್ಲ.

ಕಂಡದ್ದೇ ತಡ, ಕಾವಲುಗಾರನ ಕೈ ಸುಮ್ಮನಿರುತ್ತದೆಯೇ? ಒಣಕೊಂಬೆ ಕಡಿದು, ಕೊಳಕ್ಕೆ ಬಲೆ ಹೊದಿಸಿ, ಎಲ್ಲ ಭದ್ರಮಾಡಿಕೊಂಡು ಆಮೇಲೆ ಮಾಲೀಕನನ್ನು ಕರೆದರು! ಅವನಿಗೆ ಕಂಡದ್ದು ಬಲೆ ಮಾತ್ರ. ತಮ್ಮನಿಗಾಗಿ ಕಥೆ ಕಟ್ಟುತ್ತೀಯಾ ಎಂದು ನಕ್ಕುಬಿಟ್ಟ. ದೊಡ್ಡಪ್ಪ ಬಲೆ ಕಿತ್ತರು, ಕೊಂಬೆಯಿದ್ದಲ್ಲಿ ಕಂಬ ನೆಟ್ಟರು, ಸಂಜೆಗಳೆಲ್ಲ ಕಾದರು. ಗೂಬೆ ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಆಮೇಲೆ ನಮ್ಮ ಮನೆಗೆ ಬಂದರು. ಹೊಸಿಲಲ್ಲೇ ನಿಂತು ರೆಕ್ಕೆ, ಕಾಲು, ಕೊಂಬೆ ಎಲ್ಲ ವಿವರಿಸಿದರು. ಅದು ಇನ್ನೊಂದು ಸಲ ಬಂದರೆ ಸಾಕು, ಮಾಲೀಕನಿಗೆ ತೋರಿಸಿ ನಿನ್ನ ಕೆಲಸ ವಾಪಸು ಕೊಡಿಸುತ್ತೇನೆ ಎಂದರು. ಅಪ್ಪ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ, ತಲೆ ಎತ್ತಲಿಲ್ಲ.

"ಅವನಿಗೆ ಗೂಬೆ ತೋರಿಸ್ಬೇಕು, ಸರಿ," ಎಂದ. "ನಿಂಗೆ ಕದ್ದಿಲ್ಲ ಅಂತ ನಾನೇ ಬಾಯಿಬಿಟ್ಟು ಹೇಳಿದ್ನಲ್ಲ ಅಣ್ಣ."

ಒಳಗಿದ್ದ ಅಮ್ಮ, ಕೂತ್ಕೊಳ್ಳಿ ಭಾವ ಎಂದು ಹೇಳಲೂ ಇಲ್ಲ.