ಆರು ಸೆಕೆಂಡಿನ ಖಾಲಿ ಜಾಗ

ಕೋವಿಡ್ ಬರುವುದಕ್ಕೆ ಒಂದು ವರ್ಷ ಮೊದಲು ನಾನು ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ ಒಂದು ಸಣ್ಣ ಕೇಬಲ್ ವಾಹಿನಿಯಲ್ಲಿ ಸುದ್ದಿ ಸಂಪಾದಕನಾಗಿದ್ದೆ. ಹೆದ್ದಾರಿಯ ಮಗ್ಗುಲಿಗೆ, ಟಯರ್ ಅಂಗಡಿಯ ಮೇಲೆ ಎರಡನೆಯ ಮಹಡಿ. ಒಂದು ಸ್ಟುಡಿಯೋ, ಒಂದು ಎಡಿಟಿಂಗ್ ಕೋಣೆ, ಲಾರಿ ಹೋದಾಗಲೆಲ್ಲ ನಡುಗುವ ಕಿಟಕಿ ಗಾಜು. ಸಂಜೆ ಏಳಕ್ಕೆ ಮರಾಠಿ ಸುದ್ದಿ, ಏಳೂವರೆಗೆ ಕನ್ನಡ ಸುದ್ದಿ. ಉಮರ್ಗಾ, ನಿಲಂಗಾ, ಉದಗೀರ ಮೂರೂ ಕಡೆ ನಮ್ಮ ವಾಹಿನಿ ಬರುತ್ತಿತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಜನ ಎರಡನ್ನೂ ನೋಡಿ, ಎರಡರಲ್ಲೂ ತಪ್ಪು ಹುಡುಕಿ ಫೋನ್ ಮಾಡುತ್ತಿದ್ದರು.

ಆ ವರ್ಷ ಮಾಲೀಕರು ನನ್ನನ್ನು ಕರೆದು ಬಾಗಿಲು ಹಾಕಿಸಿದರು. ಶಿರೂರ ಅನಂತಪಾಳದ ಕಡೆಯ ಮಠದ ಸ್ವಾಮಿಗಳಾದ ಅಪ್ಪಾವರಿಗೆ ಆಗ ತೊಂಬತ್ತರ ಹತ್ತಿರ ವಯಸ್ಸು. ಮಗುವಿಗೆ ಹೆಸರಿಡುವುದರಿಂದ ಹಿಡಿದು ಅಣ್ಣತಮ್ಮಂದಿರ ಹೊಲದ ಜಗಳದವರೆಗೆ ಅವರ ಮಾತೇ ಕೊನೆ. ರಾಜರಿಲ್ಲದ ಈ ಸೀಮೆಗೆ ಅವರೇ ರಾಜರು. ‘ಆ ದಿನ ಬಂದಾಗ ನಾವು ತಡಬಡಾಯಿಸಬಾರದು’ ಎಂದರು ಮಾಲೀಕರು. ದೊಡ್ಡ ದೇಶಗಳ ಪ್ರಸಾರ ಸಂಸ್ಥೆಗಳು ತಮ್ಮ ರಾಜರಾಣಿಯರು ಗಟ್ಟಿಮುಟ್ಟಾಗಿ ಓಡಾಡುತ್ತಿರುವಾಗಲೇ ಅವರ ಸಾವಿನ ಕಾರ್ಯಕ್ರಮ ಸಿದ್ಧ ಮಾಡಿಟ್ಟುಕೊಂಡಿರುತ್ತವೆ. ಯಾರು ಓದಬೇಕು, ಯಾವ ಸಂಗೀತ, ಯಾವ ಬಣ್ಣದ ಉಡುಪು ಎಲ್ಲವೂ ಮೊದಲೇ ನಿಶ್ಚಯ. ಇದಕ್ಕೆ ಆಬಿಟ್ ಫೈಲ್, ಅಂದರೆ ನಿಧನವಾರ್ತೆಯ ಕಡತ, ಎನ್ನುತ್ತೇವೆ.

ಎರಡು ವಾರ ಕೂತು ಯೋಜನೆ ಬರೆದೆ. ಸಂಕೇತ ‘ಬಿಲ್ವ’. ಮಠದ ಕಾರಭಾರಿ ಫೋನಿನಲ್ಲಿ ‘ಬಿಲ್ವ ಬಂತು’ ಎನ್ನಬೇಕು, ಅವರನ್ನು ನೋಡುವ ಉದಗೀರದ ಡಾಕ್ಟರೂ ಅದನ್ನೇ ಹೇಳಬೇಕು. ಎರಡೂ ಕಡೆಯಿಂದ ಖಾತ್ರಿಯಾಗದೆ ಒಂದಕ್ಷರ ಹೊರಗೆ ಹೋಗಕೂಡದು. ಕೂಡಲೇ ಜಾಹೀರಾತು, ಸಿನಿಮಾ ಹಾಡು ಬಂದ್. ಮೊದಲು ಘೋಷಣೆ, ಆಮೇಲೆ ಇಪ್ಪತ್ತೆರಡು ನಿಮಿಷದ ಜೀವನಚರಿತ್ರೆ. ಫೈಲು ನನ್ನ ಬೀರುವಿನಲ್ಲಿ, ಕೀಲಿ ನನ್ನ ಜೇಬಿನಲ್ಲಿ. ಇಂಥದೊಂದು ಫೈಲು ಇದೆ ಎಂದು ಭಕ್ತರಿಗೆ ಗೊತ್ತಾದರೆ ಅಪ್ಪಾವರು ಹೋದರೆಂಬ ಸುದ್ದಿಯೇ ಹಬ್ಬಿಬಿಡುತ್ತದೆ, ಅಂಗಡಿ ಮುಂಗಟ್ಟು ಮುಚ್ಚುತ್ತವೆ ಎಂಬ ಹೆದರಿಕೆ ನನಗೆ ವಿಪರೀತ ಇತ್ತು.

ಕನ್ನಡ ಓದುವವರು ಗುರುಪಾದಪ್ಪ. ಹಗಲು ಪೇಟೆಯಲ್ಲಿ ಬಟ್ಟೆ ಅಂಗಡಿ, ಸಂಜೆ ನಮ್ಮಲ್ಲಿ ಸುದ್ದಿ. ಅವರ ದನಿ ಕೇಳಿದರೆ ಬೆಲ್ಲದ ಪಾಕ ನೆನಪಾಗುತ್ತಿತ್ತು. ಮಠದ ಪರಮ ಭಕ್ತರು. ಜೀವನಚರಿತ್ರೆಯನ್ನು ಒಂದೇ ಉಸಿರಿಗೆ ಓದಿದರು. ಘೋಷಣೆಯ ಹಾಳೆ ಕೊಟ್ಟಾಗ ಮಾತ್ರ ಕೈ ಹಿಂದೆ ತೆಗೆದುಕೊಂಡರು.

“ಎಲ್ಲಾ ಓದತೀನ್ರಿ ಸಾಹೇಬ್ರ. ಆ ಒಂದು ಸಾಲು ಮಾತ್ರ ಆಗಂಗಿಲ್ಲ. ಜೀವಂತ ಗುರುವಿಗಿ ಲಿಂಗೈಕ್ಯ ಆದ್ರು ಅಂತ ಯಾವ ಬಾಯಿಲೆ ಅನ್ನಲಿ?”

“ಹಂಗಾದ್ರ ಹೆಂಗ?”

“ಅಷ್ಟು ಜಾಗಾ ಖಾಲಿ ಬಿಡತೀನಿ. ಆ ದಿನ ಬಂದಾಗ ಓಡಿಬಂದು ನಾನೇ ಅಂತೀನಿ.”

ಬೇಡವೆನ್ನಲು ನನಗೂ ಮನಸ್ಸಾಗಲಿಲ್ಲ. ಗಡಿಯಾರ ನೋಡುತ್ತ ಅವರು ಸುಮ್ಮನೆ ಕುಳಿತರು. ಆರು ಸೆಕೆಂಡು. ಆಮೇಲೆ ಮುಂದಿನ ಮಾತು ಓದುವುದಿತ್ತು. ಆ ಹೊತ್ತಿಗೆ ಫೋನ್ ಬಂದು ನಾನು ಹೊರಗೆ ಹೋದೆ. ವಾಪಸು ಬಂದು ಒಟ್ಟು ಎಷ್ಟು ಉದ್ದ ಬಂದಿದೆ ಎಂದಷ್ಟೇ ನೋಡಿ ಬೀರುವಿನಲ್ಲಿಟ್ಟೆ. ಸಂಪಾದಕ ಎನಿಸಿಕೊಂಡವನು ಪೂರ್ತಿ ಕೇಳಬೇಕಿತ್ತು, ಕೇಳಲಿಲ್ಲ.

ಕೋವಿಡ್‌ನ ಎರಡನೆಯ ಅಲೆಯಲ್ಲಿ ಗುರುಪಾದಪ್ಪ ಹೋಗಿಬಿಟ್ಟರು. ಒಂಬತ್ತು ದಿನ ಆಸ್ಪತ್ರೆ. ಹೆಂಡತಿ ಶಿವಕಾಂತಾಬಾಯಿಗೆ ಮುಖ ನೋಡಲೂ ಬಿಡಲಿಲ್ಲ. ಮಠದಲ್ಲಿ ಅಪ್ಪಾವರು ಆರೋಗ್ಯವಾಗಿಯೇ ಇದ್ದರು.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಆಕೆ ನಮ್ಮ ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವು, ಒಂದೊಂದು ಮೆಟ್ಟಿಲಿಗೂ ನಿಂತು ಬರುವ ಚಪ್ಪಲಿ ಸದ್ದು ಮೇಲಿನವರೆಗೆ ಕೇಳುತ್ತಿತ್ತು.

“ಅಣ್ಣಾರ, ಅವರ ಆವಾಜ ಒಮ್ಮಿ ಕೇಳಸ್ರಿ. ಬ್ಯಾರೆ ಏನೂ ಬ್ಯಾಡ.”

ಎಷ್ಟು ವರ್ಷ ಓದಿದ್ದರು ಆ ಮನುಷ್ಯ! ಆದರೆ ನಮ್ಮಲ್ಲಿ ಹದಿನೈದು ದಿನಕ್ಕೊಮ್ಮೆ ಹಳೆಯ ಸುದ್ದಿಯೆಲ್ಲ ಅಳಿಸಿ ಅದೇ ಹಾರ್ಡ್‌ಡಿಸ್ಕ್ ಮತ್ತೆ ಬಳಸುತ್ತಿದ್ದೆವು. ಮನೆಯಲ್ಲಿ ಮದುವೆಯ ಒಂದು ಸಿ.ಡಿ. ಇತ್ತಂತೆ, ಅದರಲ್ಲಿ ಬ್ಯಾಂಡಿನ ಗದ್ದಲ ಬಿಟ್ಟರೆ ಏನೂ ಇಲ್ಲ. ಗುರುಪಾದಪ್ಪನವರ ದನಿ ಭೂಮಿಯ ಮೇಲೆ ಉಳಿದಿದ್ದು ಒಂದೇ ಕಡೆ, ನನ್ನ ಬೀರುವಿನಲ್ಲಿ. ನಾನು “ಏನೂ ಉಳದಿಲ್ರಿ ಅಕ್ಕಾರ” ಎಂದೆ.

ಆಕೆ ನನ್ನ ಮುಖವನ್ನೇ ನೋಡಿದರು. “ಒಂದಿನ ಇಲ್ಲಿಂದ ಬಂದವರು ಬಚ್ಚಲದಾಗ ಸ್ನಾನ ಮಾಡಿ ಒಳಗ ಬಂದ್ರು. ಯಾರ ಮಣ್ಣಿಗಿ ಹೋಗಿದ್ರಿ ಅಂತ ಕೇಳಿದೆ. ಇನ್ನಾ ಯಾರೂ ಸತ್ತಿಲ್ಲ ಅಂದ್ರು. ನನಗ ಎಲ್ಲಾ ಹೇಳ್ಯಾರ್ರಿ ಅಣ್ಣಾರ.”

ಸುಳ್ಳು ಸಿಕ್ಕಿಬಿದ್ದ ಮೇಲೆ ನಿಯಮ ಹೇಳುವುದೊಂದೇ ಉಳಿದಿತ್ತು. ಆ ದಿನದವರೆಗೆ ತೆರೆಯುವಂತಿಲ್ಲ, ಮಾಲೀಕರ ಅಪ್ಪಣೆ ಇಲ್ಲ ಎಂದೆ. ನಿಜ ಹೇಳಬೇಕೆಂದರೆ ಮಾಲೀಕರನ್ನು ನಾನು ಕೇಳಿಯೇ ಇರಲಿಲ್ಲ. ಎರಡು ವರ್ಷದಲ್ಲಿ ಆಕೆ ಮೂರು ಸಲ ಬಂದರು, ಮೂರು ಸಲವೂ ಹಾಗೆಯೇ ಕಳಿಸಿದೆ. ಆ ಹೆಂಗಸಿನ ಮನಸ್ಸಿನಲ್ಲಿ ನಾನು ಏನು ಬಿತ್ತುತ್ತಿದ್ದೇನೆ ಎಂದು ಒಮ್ಮೆಯೂ ಯೋಚಿಸಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಮಠದ ಕಾರಭಾರಿಯ ಫೋನ್ ಬಂತು. ಆ ದಿನ ಬಂತೆಂದುಕೊಂಡು ಜೇಬಿನ ಕೀಲಿಗೆ ಕೈ ಹಾಕಿದೆ. ಆದರೆ ಅವರು ಬಿಲ್ವದ ಮಾತೆತ್ತಲಿಲ್ಲ. “ಅಪ್ಪಾವ್ರು ಕರದಾರ. ನೀವು ಬಚ್ಚಿಟ್ಟಿದ್ದು ತಗೊಂಡು ಬರಬೇಕಂತ.”

ಲ್ಯಾಪ್‌ಟಾಪ್ ಹಿಡಿದು ಹೋದೆ. ಅಪ್ಪಾವರು ಮಂಚದ ಮೇಲೆ ದಿಂಬಿಗೊರಗಿ ಕುಳಿತಿದ್ದರು. ಶಿವಕಾಂತಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನೆಲದ ಮೇಲಿದ್ದರು. ಹಿಂದಿನ ದಿನ ದರ್ಶನಕ್ಕೆ ಬಂದಾಗ ಆಕೆ ಅಪ್ಪಾವರ ಪಾದದ ಮೇಲೆ ಬಿದ್ದು ಎಲ್ಲ ಹೇಳಿಬಿಟ್ಟಿದ್ದರಂತೆ: ‘ಅಪ್ಪಾವ್ರ, ನಿಮ್ಮ ಸಾವಿನ ದಾರಿ ಕಾಯ್ಲತ್ತೀನಿ. ನೀವು ಹೋದ್ರ ಅವರ ಆವಾಜ ಕೇಳತೀನಿ ಅಂತ ಮನಸು ದಿನಾ ಅಂತದ. ನನ್ನಂಥಾ ಪಾಪಿ ಇಲ್ಲ.’

ಪಾಪ ಯಾರದೆಂದು ನನಗೆ ಗೊತ್ತಿತ್ತು.

“ಹಚ್ಚು,” ಎಂದರು ಅಪ್ಪಾವರು.

ತಮ್ಮ ಸಾವಿನ ಕಾರ್ಯಕ್ರಮವನ್ನು ಅವರು ಕಣ್ಣು ಮುಚ್ಚಿ ಕೇಳಿದರು. ಆಕೆ ಸ್ಪೀಕರಿನ ಹತ್ತಿರ ಸರಿದು, ಅದರ ಮೇಲೆ ಅಂಗೈ ಇಟ್ಟುಕೊಂಡು ಕುಳಿತರು. ದನಿ ಬಂದಾಗ ಕೈಗೆ ತಾಗುವ ಸಣ್ಣ ನಡುಕ ಇರುತ್ತದಲ್ಲ, ಅದನ್ನು ಹಿಡಿದುಕೊಂಡಿದ್ದರು. ಇಪ್ಪತ್ತೆರಡು ನಿಮಿಷದ ಜೀವನಚರಿತ್ರೆ ಮುಗಿಯಿತು. ಆಮೇಲೆ ಘೋಷಣೆ ಹಚ್ಚಿದೆ. ‘ಭಕ್ತರಲ್ಲಿ ಒಂದು ವಿನಂತಿ. ಈ ಸುದ್ದಿಯನ್ನು ಕುಳಿತುಕೊಂಡು ಕೇಳಿ.’ ಅಲ್ಲಿಗೆ ಸದ್ದು ನಿಂತಿತು. ಅಪ್ಪಾವರು ಕೈ ಎತ್ತಿದರು, ನಾನು ಅಲ್ಲೇ ನಿಲ್ಲಿಸಿದೆ.

“ಇಲ್ಲಿ ಏನಿತ್ತು?”

“ಆ ಮಾತು ಅವರು ಆಡಲಿಲ್ರಿ ಅಪ್ಪಾವ್ರ. ನೀವು ಇದ್ದಾಗ ಬಾಯಿ ಬರಲಿಲ್ಲಂತ.”

“ನನ್ನ ಉಳಿಸಿ ತಾ ಹೋದ,” ಎಂದರು ಅಪ್ಪಾವರು. ಕಣ್ಣು ಒರೆಸಿಕೊಂಡು ಆಕೆಯ ಕಡೆ ತಿರುಗಿದರು. “ಅವ್ವಾ, ಆ ಮಾತು ನೀನೇ ಅನ್ನು, ಆ ದಿನ.”

“ನನಗ ಆಗಂಗಿಲ್ರಿ ಅಪ್ಪಾವ್ರ!”

“ಎರಡು ವರ್ಷ ಮನಸಿನಾಗ ಇಟಗೊಂಡು ಸುಟಗೊಂಡಿ. ಒಮ್ಮಿ ಬಾಯಿಲೆ ಅಂದು ಹಗರ ಆಗು. ನಾನೇ ಹೇಳ್ಲತ್ತೀನಿ, ಪಾಪ ಎಲ್ಲಿಂದು?”

ಅಂದೇ ಜೀವನಚರಿತ್ರೆಯ ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಆಕೆಗೆ ಕೊಟ್ಟೆ. ಘೋಷಣೆಯನ್ನು ಮಾತ್ರ ಮತ್ತೆ ಬೀರುವಿನಲ್ಲಿಟ್ಟೆ. ನಿಯಮದ ಹುಚ್ಚು ಅಷ್ಟು ಬೇಗ ಬಿಡುವಂಥದಲ್ಲ.

ಐದು ತಿಂಗಳ ನಂತರ, ಬೆಳಿಗ್ಗೆ ಹತ್ತೂವರೆಗೆ ‘ಬಿಲ್ವ ಬಂತು’ ಎಂಬ ಫೋನ್ ಬಂತು. ಡಾಕ್ಟರೂ ಖಾತ್ರಿ ಮಾಡಿದರು. ಕ್ಯಾಮೆರಾ ಕಾರು ಮಠದ ಕಡೆ ಹೊರಟಿತು, ಮರಾಠಿ ಓದುವ ಹುಡುಗಿ ಬಿಳಿ ಸೀರೆ ಉಟ್ಟಳು. ಶಿವಕಾಂತಾಬಾಯಿಗೆ ಗಾಡಿ ಕಳಿಸಿದೆ. ಗಾಡಿ ಮುಟ್ಟುವ ಮೊದಲೇ ಮೆಟ್ಟಿಲ ಮೇಲೆ ಆ ಚಪ್ಪಲಿ ಸದ್ದು. ಕಾರಭಾರಿ ಅವರಿಗೂ ಫೋನ್ ಮಾಡಿದ್ದರು.

ಮೈಕಿನ ಮುಂದೆ ಕೂರಿಸಿದೆ. ಎದುರಿನ ಸ್ಪೀಕರಿನಲ್ಲಿ ಗಂಡನ ದನಿ: ‘ಭಕ್ತರಲ್ಲಿ ಒಂದು ವಿನಂತಿ. ಈ ಸುದ್ದಿಯನ್ನು ಕುಳಿತುಕೊಂಡು ಕೇಳಿ.’ ಕೈ ಸನ್ನೆ ಮಾಡಿದೆ. ಎರಡು ಸೆಕೆಂಡು ಹಾಗೇ ಹೋದವು. ಕೆಟ್ಟೆವು ಅಂದುಕೊಂಡೆ.

“ನಮ್ಮ ಅಪ್ಪಾವ್ರು ಇವತ್ತು ಲಿಂಗೈಕ್ಯ ಆದ್ರು.”

ಅಷ್ಟರಲ್ಲಿ ಖಾಲಿ ಜಾಗ ಮುಗಿದು ಗುರುಪಾದಪ್ಪನವರ ದನಿ ಮತ್ತೆ ಬಂತು. ‘ಮನೆಯಲ್ಲಿ ಒಬ್ಬರೇ ಇರುವವರು ಈಗ ಒಬ್ಬರೇ ಕೂಡಬೇಡಿ. ನೆರೆಮನೆಗೆ ಹೋಗಿ ಕುಳಿತುಕೊಳ್ಳಿ. ಅತ್ತರೆ ತಪ್ಪಿಲ್ಲ.’

ಆ ಸಾಲು ನಾನು ಬರೆದದ್ದಲ್ಲ. ನಾನು ಫೋನಿಗೆಂದು ಹೊರಗೆ ಹೋದಾಗ ಅವರೇ ಸೇರಿಸಿದ್ದು. ಇಷ್ಟು ವರ್ಷ ನನ್ನ ಬೀರುವಿನಲ್ಲಿ ಬಿದ್ದಿದ್ದ ಆ ಮಾತು ಕೇಳಿ ನನ್ನ ಕೈ ಬಟನ್ನಿನ ಮೇಲೆ ಹಾಗೇ ನಿಂತಿತು, ಮೈಕು ಮುಚ್ಚುವುದನ್ನು ಮರೆತೆ.

ಶಿವಕಾಂತಾಬಾಯಿ ಸ್ಪೀಕರಿನ ಕಡೆ ನೋಡಿ ತಲೆಯಾಡಿಸಿದರು. “ಹೂಂ ರೀ,” ಎಂದರು.

ಆ ‘ಹೂಂ ರೀ’ ಮೂರೂ ಊರಿನ ಮನೆಗಳಿಗೆ ಹೋಯಿತು. ನನ್ನ ವೃತ್ತಿಯ ಲೆಕ್ಕದಲ್ಲಿ ಅದು ಪ್ರಸಾರದ ತಪ್ಪು. ಅಂದು ತಪ್ಪು ಎತ್ತಿ ಒಂದೇ ಒಂದು ಫೋನೂ ಬರಲಿಲ್ಲ.

ಸಾವಿನ ಸುದ್ದಿಗೆ ಸಿದ್ಧರಾಗಿರಿ ಎಂದು ಹೊಸಬರಿಗೆ ಈಗಲೂ ಹೇಳುತ್ತೇನೆ. ಅದರ ಜೊತೆಗೆ ಇನ್ನೊಂದು ಮಾತು ಸೇರಿಸುತ್ತೇನೆ: ಬೀರುವಿಗೆ ಕೀಲಿ ಹಾಕುವ ಮೊದಲು, ಬದುಕಿರುವವರಿಗೆ ಸೇರಬೇಕಾದದ್ದು ಅದರೊಳಗೆ ಏನಾದರೂ ಇದೆಯೇ ಎಂದು ಪೂರ್ತಿ ಕೇಳಿ ನೋಡಿ. ನಾನು ಕೇಳದೆ, ಆಕೆಗೂ ಕೇಳಿಸದೆ ಹೋದದ್ದಕ್ಕೆ ಒಬ್ಬ ಹೆಂಗಸು ಎರಡು ವರ್ಷ ತನ್ನ ಗುರುವಿನ ಸಾವು ಕಾಯಬೇಕಾಯಿತು. ನಿವೃತ್ತನಾಗಿ ಈಗ ನೆಲಮಟ್ಟದ ಮನೆಯಲ್ಲಿದ್ದೇನೆ, ಹತ್ತುವುದಕ್ಕೆ ಒಂದು ಮೆಟ್ಟಿಲೂ ಇಲ್ಲ. ಆದರೂ ಎಷ್ಟೋ ಮಧ್ಯಾಹ್ನ ಊಟ ಮಾಡಿ ಅಡ್ಡಾದರೆ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಮೇಲೆ ಬರುವ ಆ ಚಪ್ಪಲಿಯ ಸದ್ದು ಕೇಳಿ ಎದ್ದು ಕೂರುತ್ತೇನೆ.